ಇಳಿಜಾರಿನ ಲೆಕ್ಕ

ಖುತುಬ್ ಮೇಸ್ತ್ರಿ ಉದ್ದನ್ನ ಸ್ಕ್ರೂಡ್ರೈವರಿನ ತುದಿ
ಎಂಜಿನ್ನಿಗೆ ಊರಿ, ಹಿಡಿಕಿ ಕಿವಿಗಿಟ್ಟು
ಕಣ್ಣು ಮುಚ್ಚಿ ಕೇಳಿದ:
ಡಾಕ್ಟರ ಹಂಗ ಅಲ್ಲ,
ಗ್ವಾಡಿ ಆಚೆ ಜಗಳಾ ಕೇಳೂ ನೆರಮನಿಯವರ ಹಂಗ.
ಎಣ್ಣಿ ನೋಡೂ ಕಡ್ಡಿ ಎಳೆದರ
ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ.
‘ಬ್ಲಾಕ್ ಸೀಳೈತಿ. ಬೋರ್ ಮಾಡಿದ್ರ ಬರೇ ರೊಕ್ಕಾ ಉಣ್ಣತೈತಿ.
ಬ್ಯಾರೇದು ನೋಡು.’

ಹದಿನೇಳು ವರ್ಷ.
ಬೆಳಗಾವಿ ಎಪಿಎಂಸಿಯಾಗ ರಾತ್ರಿ ಒಂದಕ್ಕ
ಗಜ್ಜರಿ, ಕೋಸು, ಹಸಿಮೆಣಸಿನಕಾಯಿ ತುಂಬಿ
ಜಾಂಬೋಟಿ, ಕಣಕುಂಬಿ ದಾಟಿ
ಚೋರ್ಲಾ ಘಾಟ ಇಳಿದು
ಗೋವಾದ ಮಂದಿ ಹಲ್ಲುಜ್ಜೂದ್ರಾಗ
ಮಾಪುಸಾ ಪ್ಯಾಟಿ ಮುಟ್ಟಿಸಿದ ಎಂಜಿನ್ನು.

ಪಿರಾಜಿಯ ಭಂಗಾರದಂಗಡಿಯಾಗ
ಟೈರಿನ ಮ್ಯಾಲ ಕುಂತಿದ್ದುವು ಎಂಜಿನ್ನು,
ಸಂತಿಗೆ ತಂದ ಎಮ್ಮಿ ಹಂಗ ಮೈ ತೊಳಸಿಕೊಂಡು.
ದೊಡ್ಡದೊಂದು ಟರ್ಬೊ.
‘ಇದನ್ನ ಕುಂದ್ರಸು, ಘಾಟ ಏರಿದ್ದs ಗೊತ್ತಾಗೂದಿಲ್ಲ’ ಅಂದ ಪಿರಾಜಿ.
ಅದಕ್ಕ ಚೇಸಿ ಕೊರೀಬೇಕು, ಗೇರಬಾಕ್ಸ ಬ್ಯಾರೆ ಬೇಕು,
ಆರ್‌ಟಿಒ ಕಟ್ಟಿ ಹತ್ತಿ ಇಳಿಯೂದು ಬ್ಯಾರೆ.
ಆದರೂ ನನ್ನ ಮನಸು ಅದರ ಮ್ಯಾಲ.
ಸುಳ್ಳ ಯಾಕ ಹೇಳಲಿ,
ಹದಿನೇಳು ವರ್ಷ ಎಲ್ಲಾರೂ ನನ್ನ ಹಿಂದ ಹಾಕ್ಯಾರ.

ಮೂಲ್ಯಾಗ ಇನ್ನೊಂದು. ನಮ್ಮದs ಜಾತಿ.
ನಿಪ್ಪಾಣಿ ಕಡೆ ಸಾಲಿ ವ್ಯಾನಿಂದಂತ,
ಮೈ ತುಕ್ಕು ಹಿಡಿದು ವ್ಯಾನ್ ಮುರದ್ರು, ಇದು ಉಳೀತು.
ಬೋಲ್ಟಿನ ತಲಿ ಮ್ಯಾಲ ಹಳದಿ ಬಣ್ಣದ ಹನಿ.

ಲಗಮವ್ವ ಉದ್ಯಮಬಾಗದಾಗ ಪಾಳಿ ಮುಗಿಸಿ
ಮೂಗಿನ ಕರಿ ವರಸ್ಗೋತ ಬಂದ್ಲು.
ಹನ್ನೊಂದು ವರ್ಷ ಫೌಂಡ್ರಿಯಾಗ ಎರಕದ ಅಂಚು ತಿಕ್ಕಾಕಿ,
ಬಡದು ನೋಡಿ ಬಿರುಕು ಹೇಳತಾಳ ನನ್ನ ಹೆಂಡತಿ.
ಪಾನಾ ತಗೊಂಡು ಟರ್ಬೊಕ್ಕ ಒಂದು ಬಡದ್ಲು,
ವ್ಯಾನಿಂದಕ್ಕ ಒಂದು.
ನಾವು ಮೂರೂ ಮಂದಿ ಉಸಿರು ಹಿಡಿದ್ವಿ.
‘ಏನೂ ತಿಳೀವಲ್ದು’ ಅಂದ್ಲು.
‘ಹೊಟ್ಟಿ ತುಂಬಿದ್ದು ಮಾತಾಡೂದಿಲ್ಲ.’

ಪಾನಾ ಕೆಳಗಿಟ್ಟು, ಸುಮ್ಮನ ಕೇಳಿದಂಗ ಕೇಳಿದ್ಲು:
‘ಘಾಟ ಏರೂ ಮುಂದ ಗಾಡ್ಯಾಗ ಏನಿರತೈತಿ?’
‘ಖಾಲಿ ಕ್ರೇಟು.’
‘ಇಳಿಯೂ ಮುಂದ?’
‘ಒಂದೂವರಿ ಟನ್ನು.’
‘ಮತ್ತ ಜಗ್ಗೂದು ಯಾರಿಗೆ ಬೇಕಾಗೇತಿ?’

ಖುತುಬ್ ಮೇಸ್ತ್ರಿ ಬೀಡಿ ಆರಿಸಿದ.
ಪಿರಾಜಿ ಟರ್ಬೊದ ಮ್ಯಾಲ ತಾಡಪತ್ರಿ ಎಳೆದ.
ಇಷ್ಟು ವರ್ಷ ಗಾಡಿ ಓಡಸ್ತೇನಿ ಅಂತ ತಿಳಕೊಂಡಿದ್ದೆ,
ಬ್ರೇಕಿನ ಮ್ಯಾಲಿನ ಕಾಲು ತಗದು, ಎರಡನೇ ಗೇರಿನ್ಯಾಗ
ಹಲ್ಲು ಕಚ್ಚಿ
ಒಂದೊಂದು ತಿರುವಿನ್ಯಾಗ ಅದನ್ನ ತಡೀತಿದ್ದೆ.

ವ್ಯಾನಿಂದು ಆತು.
‘ಮಕ್ಕಳ ಬಾಗಲಕ್ಕೊಮ್ಮೆ ನಿಂತು ನಿಂತು
ನಿಲ್ಲೂದು ಕಲ್ತೈತಿ’ ಅಂದೆ, ದೊಡ್ಡ ಮಾತಾಡಿದಂಗ.
‘ನಿಲ್ಲಸೂದು ಬ್ರೇಕು’ ಅಂದ ಮೇಸ್ತ್ರಿ.
ಒಂದೊಂದs ಸಿಲಿಂಡರಿಗೆ ಗೇಜ್ ಹಚ್ಚಿದ:
ಮೂರು ಸಮಾ, ನಾಕನೇದು ತುಸು ಕಡಿಮಿ.
ಮನ್ಯಾಗೂ ಹಂಗs.

ಹಳೇದನ್ನ ಪಿರಾಜಿ ತೂಕಕ್ಕ ತಗೊಂಡ.
‘ಎಲ್ಲಿಗೆ ಹೋಗತೈತಿ?’
‘ಉದ್ಯಮಬಾಗದ ಭಟ್ಟಿಗೆ. ಮತ್ತೆಲ್ಲಿಗೆ?’
ಲಗಮವ್ವ ಆಗ ಏನೂ ಅನಲಿಲ್ಲ.
ರಾತ್ರಿ ರೊಟ್ಟಿ ಮುರಕೋತ ಅಂದ್ಲು:
‘ನನ್ನ ಮುಂದ ಬಂದರೂ ಗುರ್ತ ಸಿಗೂದಿಲ್ಲ ತಗೋ.
ಪಂಪಿನ ಚಿಪ್ಪಾಗಿರತೈತಿ, ಏನರೆ ಆಗಿರತೈತಿ.’
ಆಮ್ಯಾಲ ಚಟ್ನಿ ಕೇಳಿದ್ಲು.

ಮೊದಲನೇ ರಾತ್ರಿ.
ಕಣಕುಂಬಿ ದಾಟಿದ ಮ್ಯಾಲ ಮಂಜು,
ಮುಂದಿನ ಬಿಳಿ ಪಟ್ಟಿ ಎರಡs ಮಾರು.
ಎರಡನೇ ಗೇರು ಹಾಕಿ ಕಾಲು ಎತ್ತಿದೆ.
ಪರಿಚಯ ಇಲ್ಲದ ದನಿ ಮ್ಯಾಲೇರಿತು, ಗುಂಯ್ ಅಂತ,
ಹಿಂದ ಗಜ್ಜರಿ ಚೀಲ ಮುಂದಕ್ಕ ವಾಲಿದವು,
ಹಿಡೀತು.
ಮುಂದಿನ ತಿರುವಿನ್ಯಾಗೂ ಹಿಡೀತು.

ಬೆನ್ನಿಗೆ ಹತ್ತಿ ಯಾವಂದೋ ಟರ್ಬೊ ಹಾರನ್ ಬಡದ.
ಎಡಕ್ಕ ಸರದು, ಕೈ ಹೊರಗ ಹಾಕಿ
ಹೋಗಪಾ ಅಂದೆ.